ಧಾರೆ ಸೀರೆಗೆ ಎಲೆ ಕುಚ್ಚು

ಮಹಾಲಕ್ಷ್ಮಿಗೆ ಆವತ್ತು ಬೆಳಗ್ಗೆಯಿಂದ ಕೂತಲ್ಲಿ ಕೂರೋಕಾಗ್ತಿಲ್ಲ, ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ಟೆರೇಸಿಗೆ ಹೋಗಿ ಒಣಗಿದ ಬಟ್ಟೆ ಎತ್ತಿಕೊಂಡು ಬಂದಳು. ಮಡಚಿದಳು. ಮಡಚಿದ್ದು ಸರಿಯಿಲ್ಲ ಅಂತ ಕೊಡವಿ ಮತ್ತೆ ಮಡಚಿದಳು. ಬಾಡಿಗೆಯವರ ನೀರಿನ ಟ್ಯಾಂಕು ತುಂಬಿತಾ ಅಂತ ಬಗ್ಗಿ ನೋಡಿದಳು. ಮೋಟ್ರು ಹಾಕಿ ಇನ್ನೂ ಒಂದು ಗಳಿಗೆ ಆಗಿರಲಿಲ್ಲ, ಎಲ್ಲಿಂದ ತುಂಬಬೇಕು? ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು ದಡ್ ದಡ್ ಅಂತ ತಗಡು ಬಡೀತಿತ್ತು. ದಿನಾ ಬಡಿಯೋದೇ. ಇಷ್ಟು ವರ್ಷ ಕಿವಿಗೆ ಬೀಳದೇ ಇದ್ದ ಸದ್ದು ಆವತ್ತು ನೆತ್ತಿಗೇ ಹೊಡೆದಂಗೆ ಕೇಳಿಸ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಸೀರೆ. ಮಗಳು ವೇಣಿಯ ಧಾರೆ ಸೀರೆ. ಅರಿಶಿನ ಬಣ್ಣ, ಹಸಿರು ಅಂಚು. ಆ ಸೀರೆ ಕೆಳಗೆ, ಅತ್ತೆ ಭಾವನವರಿರೋ ಮನೆಯ ಬೀರುವಿನಲ್ಲಿತ್ತು. ಇವಳು ಮೇಲಿನ ಮನೆಯಲ್ಲಿದ್ದಳು.

ಈ ಹೆಂಗಸಿನ ಕೈ ಸುಮ್ಮನಿರೋ ಕೈಯಲ್ಲ, ಅದನ್ನ ಮೊದಲೇ ಹೇಳಿಬಿಡಬೇಕು. ಮಾಕಳಿಯಲ್ಲಿ ಯಾರ ಮನೆಗೆ ರೇಷ್ಮೆ ಸೀರೆ ಬಂದರೂ ಕುಚ್ಚು ಹಾಕಿಸೋಕೆ ಮೆಟ್ಟಿಲು ಹತ್ತೋದು ಇವಳ ಮನೆಗೇ. ಕ್ರೋಶಾ ಕಡ್ಡಿ ಹಿಡಿದು ಬಾಗಿಲ ಬೆಳಕಿಗೆ ಕೂತಳು ಅಂದರೆ ಸೆರಗಿನ ಅಂಚಿಗೆ ಹೂವು ಬರ್ತಿತ್ತು, ಗೆಜ್ಜೆ ಬರ್ತಿತ್ತು, ಪುಟ್ಟ ಪುಟ್ಟ ಬುಟ್ಟಿ ನೇತಾಡ್ತಿದ್ದವು. ಗಂಡ ಕೃಷ್ಣ ಎದೆನೋವು ಅಂತ ಕುರ್ಚಿ ಮೇಲೆ ಕೂತೋನು ಮತ್ತೆ ಏಳಲಿಲ್ಲ. ಅದಾದ ಮೇಲೂ ಸೀರೆಗಳು ಬಂದವು. ಮದುವೆ ಸೀರೆಗಳು ಮಾತ್ರ ನಿಂತುಹೋದವು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. "ಈ ಸಲ ಅಂಗಡೀಲೇ ಹಾಕಿಸ್ಬಿಟ್ವಿ ಅಕ್ಕ" ಅಂದರು, ಅಷ್ಟೇ. ಇವಳೇನು ಪೆದ್ದಿಯಾ? "ಅಯ್ಯೋ, ಅದಕ್ಕೇನಂತೆ ಬಿಡಿ" ಅಂದು ಕಾಫಿ ಕೊಟ್ಟು ಕಳಿಸಿದಳು.

ಆದರೆ ಹೆತ್ತ ಮಗಳ ಸೀರೆ ಬೇರೆ ಮಾತಲ್ಲವಾ? ವೇಣಿಗೆ ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯ ಅಕೌಂಟ್ಸಿನಲ್ಲಿ ಕೆಲಸ. ಹುಡುಗ ಭಾನುಪ್ರಕಾಶ್, ಚಂದಾಪುರದ ಕಡೆಯವರು, ಒಳ್ಳೇ ಮನೆತನ. ಸೀರೆ ತಂದ ದಿನವೇ ವೇಣಿ ಮೊಬೈಲು ತೋರಿಸಿ, "ಅಮ್ಮಾ, ಮಣಿ ಗಿಣಿ ಏನೂ ಬೇಡ. ಈ ಥರ ಬರೀ ಎಲೆ. ಅಂಚಿನ ಹಸಿರಿಗೇ ಮ್ಯಾಚ್ ಆಗ್ಬೇಕು. ನೀನೇ ಹಾಕ್ಬೇಕು" ಅಂದಿದ್ದಳು. ಮಾರನೇ ದಿನವೇ ಇವಳು ಚಿಕ್ಕಪೇಟೆಗೆ ಹೋಗಿ, ಅಂಗಡಿಯವನಿಗೆ ಸಾಕುಸಾಕು ಅನ್ನಿಸಿ, ಅದೇ ಹಸಿರಿನ ರೇಷ್ಮೆ ದಾರ ತಂದಳು.

ಧಾರೆ ಎರೆಯೋಕೆ ಅವಳಿಗೆ ಆಗಲ್ಲ, ಅದು ಅವಳಿಗೂ ಗೊತ್ತಿತ್ತು. ಗಂಡ ಇಲ್ಲದೋಳು ಮಂಟಪದಲ್ಲಿ ಕೂರಲ್ಲ. ಭಾವ ವೆಂಕಟಪ್ಪ, ವಾರಗಿತ್ತಿ ಚನ್ನಕ್ಕ ಕೂತು ಎರೆದುಕೊಡ್ತಾರೆ. ಮಗಳಿಗೆ ದೊಡ್ಡಪ್ಪ ದೊಡ್ಡಮ್ಮ, ಸರಿಯಾಗೇ ಇದೆ. ಅದನ್ನ ನುಂಗಿಕೊಂಡಿದ್ದಳು. ನುಂಗಿಕೊಳ್ಳೋಕೆ ಆಗಿದ್ದೇ ಆ ಎಲೆಗಳ ದೆಸೆಯಿಂದ. ಮಂಟಪದಲ್ಲಿ ನಾನಿಲ್ಲದಿದ್ದರೇನು, ನನ್ನ ಕೈಕೆಲಸ ಅವಳ ಮೈಮೇಲೆ ಇರುತ್ತಲ್ಲ ಅಂದುಕೊಂಡಿದ್ದಳು.

ಅತ್ತೆ ಪಿಳ್ಳಮ್ಮ ಅದಕ್ಕೂ ಕಲ್ಲು ಹಾಕಿದಳು.

"ಧಾರೆ ಸೀರೆಗೆ ಮುತ್ತೈದೆ ಕೈ ಬೀಳ್ಬೇಕು ಕಣಮ್ಮಿ. ನಿಂಗೆ ನೋವಾಗ್ಲಿ ಅಂತ ಯೇಳ್ತಿಲ್ಲ. ನನ್ ಎಣ್ಮಕ್ಕಳ ಮದ್ವೇಲಿ ನಾನೂ ಅಡಿಗೆ ಮನೇಲೇ ಕುಂತಿದ್ದೆ. ಇಂಗೇ ನಡ್ಕೊಂಡು ಬಂದದೆ. ನಾಳೆ ಆ ಮಗೀಗೆ ಒಂದು ಕಾಲುನೋವು ಬಂದ್ರೂ ಜನ ಏನಂತಾರೆ? ಚನ್ನಕ್ಕ ಆಕ್ಲಿ ಬಿಡು."

ಚನ್ನಕ್ಕ! ಚನ್ನಕ್ಕನಿಗೆ ಹಸು ಕರೆಯೋದು ಗೊತ್ತು, ಮುದ್ದೆ ತಿರುವೋದು ಗೊತ್ತು, ಬಾಡಿಗೆ ಹುಡುಗರಿಗೆ ಅವರ ಭಾಷೇಲೇ ಬಯ್ಯೋದು ಗೊತ್ತು. ಕ್ರೋಶಾ ಕಡ್ಡಿಯನ್ನ ಆಕೆ ಜನ್ಮದಲ್ಲಿ ಮುಟ್ಟಿದೋಳಲ್ಲ. ಮಹಾಲಕ್ಷ್ಮಿ ವಾರಗಿತ್ತಿಯ ಮುಖ ನೋಡಿದಳು. ಬೇಡ ಅನ್ನಲಿ, ಅಂಗಡಿಗೆ ಕೊಡೋಣ ಅನ್ನಲಿ, ಏನಾದರೂ ಅನ್ನಲಿ ಅಂತ ಕಾದಳು. ಚನ್ನಕ್ಕ ಎಲೆಅಡಿಕೆ ಒಂದು ಕಡೆಯ ದವಡೆಯಿಂದ ಇನ್ನೊಂದು ಕಡೆಗೆ ಸರಿಸಿ, "ಆಯ್ತು ಬಿಡತ್ತೆ, ಲಕ್ಷ್ಮಿ ಹೇಳ್ಕೊಟ್ರೆ ಹಾಕ್ತೀನಿ" ಅಂದುಬಿಟ್ಟಳು.

ಹೊಟ್ಟೆ ಉರೀತು ನೋಡಿ ಇವಳಿಗೆ. ಅಂಗಡಿಯವನು ಹಾಕಿದ್ದರೆ ಇಷ್ಟು ಉರೀತಿರಲಿಲ್ಲ.

ಹೀಗೆ ಶುರುವಾಯಿತು ಪಾಠ. ಮಧ್ಯಾಹ್ನ ಊಟ ಆಗಿ ಪಿಳ್ಳಮ್ಮ ಚಾಪೆ ಹಾಸಿಕೊಂಡು ಮಲಗಿದ ಮೇಲೆ ಚನ್ನಕ್ಕ ಮೆಟ್ಟಿಲು ಹತ್ತಿ ಬರ್ತಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಕೂರ್ತಿದ್ದಳು. ಕಡ್ಡಿಯನ್ನ ಕುಡುಗೋಲು ಹಿಡಿದಂಗೆ ಮುಷ್ಟಿಯಲ್ಲಿ ಹಿಡೀತಿದ್ದಳು.

"ಹಂಗಲ್ಲ ಅಕ್ಕ, ಪೆನ್ನು ಹಿಡಿದಂಗೆ ಹಿಡಿ."

"ಪೆನ್ನು ನಾನೆಲ್ಲಿ ಹಿಡಿದಿದೀನಿ ತಾಯಿ?"

"ಸರಿ, ಸುಣ್ಣದ ಕಡ್ಡಿ ಹಿಡಿದಂಗೆ ಹಿಡಿ. ಮೊದ್ಲು ಒಂದು ಗಂಟು. ಗಂಟಿನೊಳಗಿಂದ ದಾರ ಎಳಿ, ಅದರೊಳಗಿಂದ ಇನ್ನೊಂದು, ಅದರೊಳಗಿಂದ ಇನ್ನೊಂದು. ಇದು ಸರಪಳಿ. ಎಲೆಗೆ ನಡುವೆ ಒಂದು ನರ ಇರಲ್ವಾ, ಅದೇ ಇದು. ಈಗ ಅದರ ಮೇಲೇ ವಾಪಸ್ ಬಾ. ಶುರುವಿಗೆ ಗಿಡ್ಡ ಹೊಲಿಗೆ. ಆಮೇಲೆ ಕಡ್ಡಿಗೆ ದಾರ ಸುತ್ತಿ ಉದ್ದ ಹೊಲಿಗೆ. ನಡುಮಧ್ಯಕ್ಕೆ ಬಂದಾಗ ಇನ್ನೂ ಉದ್ದ. ಮತ್ತೆ ಇಳೀತಾ ಇಳೀತಾ ಗಿಡ್ಡ ಮಾಡ್ಕೊಂಡು ಹೋಗು. ಎಲೆ ನಡುವಲ್ಲಿ ಅಗಲ, ಎರಡು ಕಡೆ ಚೂಪು, ಅಲ್ವಾ? ಹೊಲಿಗೇನೂ ಹಂಗೇ."

ಚನ್ನಕ್ಕ ನಾಲಿಗೆ ಕಚ್ಚಿಕೊಂಡು, ಹುಬ್ಬು ಗಂಟು ಹಾಕಿಕೊಂಡು ಮಾಡಿದಳು. ಒಂದು ಮಗ್ಗುಲು ಮುಗಿಸಿ ದಾರ ಕತ್ತರಿಸೋಕೆ ಹೋದಳು.

"ಅಯ್ಯೋ ನಿಲ್ಸು! ತುದೀಲಿ ತಿರುಗಿಸ್ಕೊಂಡು ಸರಪಳಿಯ ಆ ಕಡೆ ಮಗ್ಗುಲಿಗೂ ಅದನ್ನೇ ಮಾಡ್ಬೇಕು. ಇಲ್ಲಾಂದ್ರೆ ಅರ್ಧ ಎಲೆ. ಮೇಕೆ ತಿಂದು ಬಿಟ್ಟಂಗಿದೆ ನೋಡು."

ತಿರುಗಿಸಿದಳು. ಅದೂ ಆಯಿತು. ಆದರೆ ಏನು ಎಳೆತ ಅಂತೀರಾ? ಹಗ್ಗ ಬಿಗಿದಂಗೆ ಬಿಗೀತಿದ್ದಳು. ಎಲೆ ನೆಟ್ಟಗೆ ಮಲಗದೆ ಮುದುರಿಕೊಂಡು ದೊನ್ನೆಯಾಗಿ ಕೂತಿತು. ಪಾಯಸ ಹಾಕಿದ್ದರೆ ನಿಲ್ತಿತ್ತು.

"ಕೈ ಸಡಿಲ ಬಿಡು ಅಕ್ಕ. ಹಸು ಓಡಿಹೋಗ್ತಿಲ್ಲ."

"ನೀನು ಇನ್ನೊಂದ್ಸಲ ತೋರ್ಸು ಲಕ್ಷ್ಮೀ. ನೋಡಿದ್ರೆ ತಲೆಗೆ ಹೋಗುತ್ತೆ."

ತೋರಿಸಿದಳು. ಇವಳ ಬೆರಳಿಗೆ ದಾರ ಸಿಕ್ಕಿದ್ದೇ ತಡ, ಮಾತು ಮುಗಿಯೋಷ್ಟರಲ್ಲಿ ಎಲೆ ಅಂಗೈ ಮೇಲಿತ್ತು. ಚಪ್ಪಟೆಯಾಗಿ, ಮೆತ್ತಗೆ, ತುದಿ ಚೂಪಾಗಿ. ಚನ್ನಕ್ಕ ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಇಟ್ಕೊಂಡು ಕೆಳಗೆ ನೋಡ್ಕೊಂಡು ಮಾಡ್ತೀನಿ" ಅಂತ ಎಲೆಅಡಿಕೆ ಸಂಚಿಗೆ ತುರುಕಿಕೊಂಡು ಹೋದಳು.

ಮಾರನೇ ದಿನ ಬಂದಳು. ಎಲ್ಲಾ ಮರೆತಿದ್ದಳು. "ಇನ್ನೊಂದ್ಸಲ ತೋರ್ಸು ಲಕ್ಷ್ಮೀ."

ಅದರ ಮಾರನೇ ದಿನವೂ ಅದೇ ರಾಗ. ಸರಪಳಿ ಬರುತ್ತಂತೆ, ತಿರುಗಿಸೋದು ಬರಲ್ವಂತೆ. ತಿರುಗಿಸೋದು ಬಂದ ದಿನ ಗಿಡ್ಡ ಯಾವುದು ಉದ್ದ ಯಾವುದು ಮರೆತುಹೋಯ್ತಂತೆ. ಮಹಾಲಕ್ಷ್ಮಿ ಹಳೇ ದಾರದ ಉಂಡೆ ಕೊಟ್ಟು, "ಇದ್ರಲ್ಲಿ ಕಲಿ, ರೇಷ್ಮೆ ಯಾಕೆ ದಂಡ ಮಾಡ್ತೀಯ?" ಅಂದರೆ, "ಬ್ಯಾಡಮ್ಮ, ಇದ್ರಲ್ಲಿ ಕಲ್ತು ಅದ್ರಲ್ಲಿ ಮಾಡೋಕೆ ಹೋದ್ರೆ ನಂಗೆ ಮತ್ತೆ ಎಲ್ಲಾ ಹೊಸದಾಗುತ್ತೆ. ನೀನು ಅದ್ರಲ್ಲೇ ತೋರ್ಸು" ಅಂತ ಹಟ ಹಿಡಿದಳು. ಒಂದು ದಿನದಲ್ಲಿ ಒಂದು ಸಲ ತೋರಿಸಿದರೆ ಸಾಲದು. ಬರುವಾಗ ಒಂದು, ಹೋಗುವಾಗ ಒಂದು, ನಡುವೆ ಕಾಫಿ ಕುಡಿದು ಒಂದು. ಪ್ರತಿ ಸಲ ಆ ಎಲೆ ಸಂಚಿ ಸೇರ್ತಿತ್ತು.

ಈ ಕಡೆ ಮಹಾಲಕ್ಷ್ಮಿಯ ಒಳಗೆ ಕುದಿ ಹತ್ತಿತ್ತು. ಪಾಠ ಮುಗಿದು ಚನ್ನಕ್ಕ ಇಳಿದುಹೋದ ಮೇಲೆ ಇವಳಿಗೆ ಮನೆ ಹಿಡಿಸ್ತಿರಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸೋಳು. ಅಂಗಡಿಗೆ ಅಂತ ಹೊರಟು ತುಮಕೂರು ರಸ್ತೆಯವರೆಗೂ ಹೋಗಿ, ಲಾರಿಗಳ ಧೂಳು ಕುಡಿದು, ಏನು ತರೋಕೆ ಬಂದೆ ಅಂತಲೇ ಮರೆತು ವಾಪಸ್ ಬರೋಳು. ವೇಣಿ ಕೆಲಸದಿಂದ ಬಂದು, "ಯಾಕಮ್ಮ ಒಂಥರಾ ಇದೀಯ?" ಅಂದರೆ, "ಏನಿಲ್ವೇ, ಬಿಸಿಲು" ಅಂತಿದ್ದಳು. ಬಿಸಿಲಂತೆ, ಮೋಡ ಮುಚ್ಚಿಕೊಂಡಿರೋ ದಿನ!

ಅವಳಿಗೆ ಬಂದಿದ್ದ ಅನುಮಾನ ಇಷ್ಟೇ. ಚನ್ನಕ್ಕನಿಗೆ ಕಲಿಯೋ ಮನಸ್ಸೇ ಇಲ್ಲ. ನನ್ನನ್ನ ಎದುರಿಗೆ ಕೂರಿಸಿಕೊಂಡು ದಿನಾ ಮಾಡಿಸಿ ಮಾಡಿಸಿ, ನೋಡು, ನಿನಗೆ ಬರುತ್ತೆ ಆದರೆ ನೀನು ಹಾಕೋ ಹಂಗಿಲ್ಲ, ನನಗೆ ಬರಲ್ಲ ಆದರೂ ನಾನೇ ಹಾಕೋಳು ಅಂತ ಚುಚ್ಚೋ ಖುಷಿ. ಧಾರೆಗೂ ಅವಳೇ, ಸೀರೆಗೂ ಅವಳೇ. ಅಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳು ಹಿಂಗೆ ಮಾಡಬಹುದಾ?

ಆವತ್ತು, ಅಂದರೆ ಬಟ್ಟೆ ಮಡಚಿ ಬಿಚ್ಚಿ ಮಡಚಿದ ದಿನ, ವೆಂಕಟಪ್ಪನೂ ಚನ್ನಕ್ಕನೂ ಲಗ್ನಪತ್ರಿಕೆ ಕೊಡೋಕೆ ಜಾಲಹಳ್ಳಿ ಕಡೆಯ ನೆಂಟರ ಮನೆಗಳಿಗೆ ಹೋಗಿದ್ದರು. ಪಿಳ್ಳಮ್ಮ ಚಾಪೆ ಮೇಲೆ ಗೊರಕೆ ಹೊಡೀತಿದ್ದಳು. ಮಹಾಲಕ್ಷ್ಮಿ ಮೋಟ್ರು ಆರಿಸೋಕೆ ಅಂತ ಕೆಳಗಿಳಿದವಳು ಮೋಟ್ರು ಆರಿಸಿದಳು. ಮೇಲೆ ಬರಲಿಲ್ಲ. ಬೀರುವಿನ ಬೀಗದ ಕೈ ಎಲ್ಲಿರುತ್ತೆ ಅಂತ ಅವಳಿಗೆ ಗೊತ್ತು.

ಸೀರೆ ತೆಗೆದು ಮಂಚದ ಮೇಲೆ ಹಾಕಿ ಸೆರಗು ಬಿಚ್ಚಿದಳು. ಬರೀ ಅಂಚು! ಒಂದು ಎಲೆ ಇಲ್ಲ, ಒಂದು ನೂಲಿಲ್ಲ. ಮದುವೆ ಬಾಗಿಲಿಗೆ ಬಂದಿದೆ, ಇಲ್ಲಿ ನೋಡಿದರೆ ಸೆರಗು ಬೋಳು ಬೋಳು.

ಅವಳು ಹಿಂದೆಮುಂದೆ ನೋಡಲಿಲ್ಲ. ಕುಪ್ಪಸದೊಳಗಿಂದ ಕಡ್ಡಿ ತೆಗೆದಳು. ಹೌದು, ಕಡ್ಡಿಯನ್ನೂ ದಾರವನ್ನೂ ತಂದಿದ್ದಳು. ಮೋಟ್ರು ಆರಿಸೋಕೆ ಹೋಗೋರು ಯಾರಾದರೂ ಕ್ರೋಶಾ ಕಡ್ಡಿ ತಗೊಂಡು ಹೋಗ್ತಾರಾ? ತನಗೇ ಸುಳ್ಳು ಹೇಳಿಕೊಂಡು ಇಳಿದಿದ್ದಳು. ನಾನೇ ಹಾಕಿಬಿಡ್ತೀನಿ, ಆದದ್ದಾಗಲಿ, ಆಮೇಲೆ ಬಯ್ದರೆ ಬಯ್ಯಲಿ ಅಂತ ಕೂತು ಅಂಚಿಗೆ ಕಡ್ಡಿ ಚುಚ್ಚಿದಳು. ಮೊದಲನೇ ಕುಣಿಕೆ ಎಳೆದಳು.

ಅಷ್ಟೇ. ಕೈ ನಿಂತುಹೋಯಿತು.

ಕೃಷ್ಣನ ಮುಖ ನೆನಪಾಯಿತು ಅಂತ ಹೇಳಿದರೆ ಸುಳ್ಳು. ನೆನಪಾಗಿದ್ದು ಆ ಹುಡುಗನ ಮುಖ. ಭಾನುಪ್ರಕಾಶ್. ಚಂದಾಪುರದಿಂದ ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗ್ತಾನೆ. ಹೊಸೂರು ರಸ್ತೆ. ಲಾರಿಗಳು. ಒಂದು ವೇಳೆ... ಜನ ಅಂತಾರೆ, ಅಂದುಕೊಳ್ಳಲಿ. ಪಿಳ್ಳಮ್ಮ ಅಂತಾಳೆ, ಅನ್ನಲಿ. ಆದರೆ ನಾನೇ ಅಂದುಬಿಟ್ಟರೆ? ನನ್ನ ಕೈ ತಾಗಿದ್ದಕ್ಕೇ ಹಿಂಗಾಯ್ತು ಅಂತ ನನ್ನ ಮನಸ್ಸೇ ನನಗೆ ಅಂದುಬಿಟ್ಟರೆ, ಆಮೇಲೆ ಯಾವ ಬಾವಿಗೆ ಬೀಳಲಿ? ಇಷ್ಟು ದಿನ ಅತ್ತೆಯ ಮೇಲೆ ಸಿಟ್ಟು, ಚನ್ನಕ್ಕನ ಮೇಲೆ ಸಿಟ್ಟು. ಅತ್ತೆ ಹೇಳಿದ ಮಾತು ತನ್ನೊಳಗೂ ಬೇರು ಬಿಟ್ಟಿದೆ ಅಂತ ಅವಳಿಗೆ ಗೊತ್ತಾಗಿದ್ದೇ ಆಗ. ಅಳು ಬಂತು. ಕುಣಿಕೆ ಬಿಚ್ಚಿ, ಚುಚ್ಚಿದ ಜಾಗವನ್ನ ಉಗುರಿನಲ್ಲಿ ಉಜ್ಜಿ ಸರಿಮಾಡಿ, ಸೀರೆ ಮಡಚಿ ಒಳಗಿಟ್ಟು ಬೀಗ ಹಾಕಿದಳು.

ಸಂಜೆ ಚನ್ನಕ್ಕ ಬಿಸಿಲಲ್ಲಿ ತಿರುಗಿ ಬಂದ ಮುಖದಲ್ಲೇ ಮೆಟ್ಟಿಲು ಹತ್ತಿದಳು. ಕೂತಿದ್ದೇ ತಡ, "ಲಕ್ಷ್ಮೀ, ಇನ್ನೊಂದ್ಸಲ" ಅಂದಳು.

ಮಹಾಲಕ್ಷ್ಮಿ ಹಿಡಿದಿಟ್ಟಿದ್ದೆಲ್ಲ ಹೊರಗೆ ಬಂತು.

"ಸಾಕು ನಿಲ್ಸಕ್ಕ! ಯಾರನ್ನ ಆಟ ಆಡಿಸ್ತಿದೀಯ? ತಿಂಗಳಿಂದ ತೋರಿಸ್ತಿದೀನಿ. ಮೂರನೇ ಕ್ಲಾಸಿನ ಮಗು ಕಲ್ತಿರೋದು. ನಿಂಗೆ ಕಲಿಯೋದು ಬೇಕಾಗಿಲ್ಲ, ನಾನು ಒದ್ದಾಡೋದು ನೋಡ್ಬೇಕು. ಸೆರಗು ಇನ್ನೂ ಬೋಳಾಗೇ ಇದೆ, ನನ್ನ ಮಗಳು ನಾಲ್ಕು ಜನರ ಮುಂದೆ ಹಂಗೇ ಹೋಗಿ ನಿಲ್ಬೇಕಾ?"

ಸೆರಗು ಬೋಳಾಗಿರೋದು ನಿನಗೆ ಹೇಗೆ ಗೊತ್ತು ಅಂತ ಚನ್ನಕ್ಕ ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲಾ ಕೇಳಿಸಿಕೊಂಡು, "ಒಂದೇ ಒಂದು ಲಕ್ಷ್ಮೀ. ಇದೇ ಕೊನೇದು. ಇನ್ನೊಂದು ಸಿಕ್ಕಿದ್ರೆ ಆಗೋಯ್ತು" ಅಂದಳು.

"ಆಗಲ್ಲ."

"ಒಂದೇ ಕಣೆ."

"ಆಗಲ್ಲ ಅಂದ್ನಲ್ಲ! ಏನ್ ಬೇಕಾದ್ರೂ ಹಾಕ್ಕೊಳ್ಳಿ ಹೋಗಿ. ನಂಗೂ ಆ ಸೀರೆಗೂ ಸಂಬಂಧ ಇಲ್ಲ."

ಚನ್ನಕ್ಕ ಸುಮ್ಮನೆ ಎದ್ದು, ಮಿಕ್ಕಿದ್ದ ದಾರ ಸಂಚಿಗೆ ಹಾಕಿಕೊಂಡು ಇಳಿದುಹೋದಳು. ಅದಾದ ಮೇಲೆ ಇಬ್ಬರಿಗೂ ಬೇಕಾದಷ್ಟೇ ಮಾತು. ಚಪ್ಪರ ಹಾಕೋರು ಬಂದರು, ಅರಿಶಿನ ಕುಟ್ಟಿದರು, ಬಳೆ ತೊಡಿಸಿದರು. ಮಹಾಲಕ್ಷ್ಮಿ ಎಲ್ಲದರಲ್ಲೂ ಓಡಾಡಿದಳು. ಯಾವುದರಲ್ಲೂ ಒಂದು ಕಡೆ ನಿಲ್ಲಲಿಲ್ಲ. ಯಾರಾದರೂ ಕುಂಕುಮದ ಬಟ್ಟಲು ಹಿಡಿದು ಬಂದರೆ ಅವರಿಗಿಂತ ಮುಂಚೆ ಇವಳೇ ಬೇರೆ ಕೋಣೆಗೆ ಸರಿದುಬಿಡೋಳು. ಸೀರೆಯ ಮಾತನ್ನ ಅವಳು ಕೇಳಲಿಲ್ಲ, ಚನ್ನಕ್ಕ ಹೇಳಲಿಲ್ಲ.

ಧಾರೆಯ ದಿನ. ನೆಲಮಂಗಲದ ಹತ್ತಿರದ ಛತ್ರ. ಹೆಣ್ಣಿನ ಕೋಣೆಯಲ್ಲಿ ವೇಣಿಗೆ ಸೀರೆ ಉಡಿಸ್ತಿದ್ದರು. ಮಹಾಲಕ್ಷ್ಮಿ ಹೊಸ್ತಿಲ ಆಚೆ ನಿಂತಿದ್ದಳು. ಹೂವಿನ ಬುಟ್ಟಿ ಬಂತಾ, ಫೋಟೋದವನು ಬಂದನಾ ಅಂತ ಏನೋ ಒಂದು ನೆಪ ಮಾಡಿಕೊಂಡು ಹೋಗೋಳು, ಮತ್ತೆ ಬಂದು ಅದೇ ಹೊಸ್ತಿಲಲ್ಲಿ ನಿಲ್ಲೋಳು. ಒಳಗೆ ಪಿಳ್ಳಮ್ಮ ಕುರ್ಚಿಯ ಮೇಲೆ ಕೂತಿದ್ದಳು. ಬೀಗಿತ್ತಿ, ಅಂದರೆ ಭಾನುಪ್ರಕಾಶನ ತಾಯಿ, ಸೊಸೆಯನ್ನ ನೋಡೋಕೆ ಅಂತ ಬಂದಿದ್ದರು. ಬೀಗಿತ್ತಿ ಸೆರಗು ಎತ್ತಿ ಹಿಡಿದರು.

"ಏನ್ರೀ ಇದು, ಎಷ್ಟು ಚೆನ್ನಾಗಿದೆ ಎಲೆ! ಅಂಗಡೀಲಿ ಹಾಕಿಸಿದ್ರಾ?"

"ಅಂಗಡಿ ಯಾಕೆ?" ಅಂದಳು ಪಿಳ್ಳಮ್ಮ ಕತ್ತು ಎತ್ತಿ. "ನಮ್ ದೊಡ್ ಸೊಸೆ ಆಕಿದ್ದು. ಮುತ್ತೈದೆ ಕೈ ಅಂದ್ರೆ ಅಂಗೇ."

"ಅಯ್ಯೋ, ಇದೊಂದು ಎಲೆ ಯಾಕೆ ಹಿಂಗೆ ಮುದುರ್ಕೊಂಡಿದೆ?"

ಪಕ್ಕದಲ್ಲೇ ನಿಂತಿದ್ದ ಚನ್ನಕ್ಕ ಒಂದು ಚೂರೂ ತಡಬಡಾಯಿಸಲಿಲ್ಲ. "ದೃಷ್ಟಿ ಆಗ್ದಿರ್ಲಿ ಅಂತ ಬೇಕಂತಲೇ ಒಂದನ್ನ ಹಂಗ್ ಮಾಡಿರೋದು ಕಣ್ರೀ. ಮಗೂಗೆ ಕೆನ್ನೆ ಮೇಲೆ ಬೊಟ್ಟು ಇಡಲ್ವಾ?"

ಕೋಣೆಯೆಲ್ಲ ನಕ್ಕಿತು. ಬೀಗಿತ್ತಿಯೂ ನಕ್ಕರು. ಹೊಸ್ತಿಲ ಆಚೆ ನಿಂತಿದ್ದ ಮಹಾಲಕ್ಷ್ಮಿ ನಗಲಿಲ್ಲ. ಅವಳ ಕಣ್ಣು ಸೆರಗಿನ ಮೇಲಿತ್ತು. ಉದ್ದಕ್ಕೂ ಹಸಿರು ಎಲೆಗಳು. ಚಪ್ಪಟೆಯಾಗಿ, ಮೆತ್ತಗೆ, ಚೂಪು ತುದಿ ಕೆಳಗೆ ಮಾಡಿಕೊಂಡು ಸಾಲಾಗಿ ನೇತಾಡ್ತಿದ್ದವು. ತನ್ನ ಕೈ ತನಗೆ ಗೊತ್ತಾಗಲ್ವಾ? ಕಾಫಿ ಕುಡಿಯುವಾಗ ಮಾಡಿದ್ದು, ಸಿಟ್ಟಿನಲ್ಲಿ ಮಾಡಿದ್ದು, ಇನ್ನೊಂದ್ಸಲ ತೋರ್ಸು ಅಂದಾಗಲೆಲ್ಲ ಶಪಿಸಿಕೊಂಡು ಮಾಡಿದ್ದು. ಅಷ್ಟೂ ಅಲ್ಲಿದ್ದವು. ದೊನ್ನೆಯಾಗಿ ಮುದುರಿಕೊಂಡ ಆ ಒಂದು ಮಾತ್ರ ಚನ್ನಕ್ಕನದು.

ಅವಳು ಒಳಗೆ ಬಂದು ಚನ್ನಕ್ಕನ ರಟ್ಟೆ ಹಿಡಿದಳು. "ಅಕ್ಕ, ಸ್ವಲ್ಪ ಬಾ ಇಲ್ಲಿ." ಕೈ ತೊಳೆಯೋ ಬೇಸಿನ್ನುಗಳ ಹತ್ತಿರ ಎಳೆದುಕೊಂಡು ಹೋದಳು.

"ಏನ್ ಮಾಡ್ಬಿಟ್ಟೆ ನೀನು?"

"ಏನ್ ಮಾಡ್ದೆ? ಹೊಲ್ದೆ. ಗುಂಡಿ ಹೊಲಿಯೋದು ಬರುತ್ತೆ ನಂಗೆ. ಮೊನ್ನೆ ಒಂದೇ ದಿನದಲ್ಲಿ ಕೂತು ಎಲ್ಲಾನೂ ಅಂಚಿಗೆ ಹೊಲ್ದೆ. ಒಂದು ಸಾಲ್ದೆ ಬಂತು. ಬೇಡ್ಕೊಂಡ್ರೂ ಮಾಡ್ಕೊಡ್ಲಿಲ್ಲ ನೀನು, ಅದಕ್ಕೇ ನಂದೇ ಹಾಕ್ದೆ. ನೋಡು ಹೆಂಗೆ ಮಾನ ಕಳೀತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾಡ್ತಿದ್ಯಾ?"

ಇಲ್ಲ, ಮಹಾಲಕ್ಷ್ಮಿ ಮಾಡ್ತಿರಲಿಲ್ಲ. ಬೀರು ಮುಂದೆ ಕೂತು ಒಂದು ಕುಣಿಕೆ ಎಳೆದು ಬಿಚ್ಚಿದವಳು ಅವಳೇ ತಾನೆ?

"ಮೊದಲ್ನೇ ದಿನವೇ ಗೊತ್ತಾಯ್ತು ನಂಗೆ, ಇದು ನನ್ ಕೈಯಲ್ಲಿ ಆಗೋ ಕೆಲಸ ಅಲ್ಲ ಅಂತ" ಅಂದಳು ಚನ್ನಕ್ಕ. "ನೀನು ಮಾಡಿದ ಎಲೆ ಅಂಗೈ ಮೇಲಿಟ್ಟೆ ನೋಡು, ಇದು ಬಿಟ್ಟು ಆ ಮಗೀಗೆ ಬೇರೆ ಏನು ಹಾಕೋಕೂ ನಂಗೆ ಮನಸ್ಸು ಬರ್ಲಿಲ್ಲ. ಅತ್ತೆ ಹತ್ರ ಜಗಳ ಆಡೋ ಶಕ್ತಿ ನಂಗಿಲ್ಲ ತಾಯಿ. ಮಂದಬುದ್ಧಿ ಥರ ಕೂತ್ಕೊಳ್ಳೋದು ಬರುತ್ತೆ, ಕೂತ್ಕೊಂಡೆ."

"ಅಕ್ಕ, ಏನಾದ್ರೂ ಆದ್ರೆ?" ಮಹಾಲಕ್ಷ್ಮಿ ಮಂಟಪದ ಕಡೆ ತಿರುಗಿ ನೋಡಿದಳು. "ಆ ಹುಡುಗನಿಗೆ ಏನಾದ್ರೂ ಆದ್ರೆ?"

"ಆದ್ರೆ ಚನ್ನಕ್ಕನ ಕೈಗುಣ ಅಂತಾರೆ. ನಿನ್ ಹೆಸ್ರು ಯಾಕ್ ಬರುತ್ತೆ? ಊರಿಗೆಲ್ಲ ಸಾರಿದೀನಿ, ನಾನೇ ಹಾಕಿದ್ದು ಅಂತ."

ಮಹಾಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ಮುಂದೆ ಯಾವತ್ತೋ ಬರಬಹುದಾದ ಬೈಗುಳವನ್ನೆಲ್ಲ ಈಗಲೇ ತಲೆ ಮೇಲೆ ಹೊತ್ತುಕೊಂಡು, ರೇಷ್ಮೆ ಸೀರೆ ಉಟ್ಟು, ಎಲೆಅಡಿಕೆ ಜಗೀತಾ ನಿಂತಿದ್ದಾಳೆ ಹೆಂಗಸು. ಇವಳನ್ನ ನಾನು ಚುಚ್ಚೋಳು ಅಂದುಕೊಂಡಿದ್ದೆನಲ್ಲ, ಥೂ ನನ್ನ ಬುದ್ಧಿಗಿಷ್ಟು. ತಬ್ಬಿಕೊಳ್ಳಬೇಕು ಅನ್ನಿಸಿ ಕೈ ಚಾಚಿದಳು, ತಬ್ಬಿಕೊಂಡಳು. ಆದರೆ ಬಿಡುವಾಗ ಅವಳೊಳಗೆ ಬೇರೆ ಏನೋ ಎದ್ದು ಕೂತಿತ್ತು. ನನ್ನ ಮಗಳಿಗೆ ನಾನು ಮಾಡಿದ ಎಲೆಗೆ ಇನ್ನೊಬ್ಬಳು ಯಾಕೆ ಶಾಪ ತಿನ್ನಬೇಕು? ಒಳ್ಳೇದಾದಾಗ ಮುತ್ತೈದೆ ಕೈ, ಕೆಟ್ಟದ್ದಾದಾಗ ಚನ್ನಕ್ಕನ ಕೈಗುಣ. ನಾನೆಲ್ಲಿ?

"ಬೇಡ ಅಕ್ಕ" ಅಂದಳು. "ಆ ಹೊರೆ ನಿಂಗೆ ಬೇಡ."

"ಏಯ್ ಲಕ್ಷ್ಮೀ, ನಿಂತ್ಕೊಳ್ಳೇ! ಎಲ್ಲೋಗ್ತೀಯ?"

ಅವಳು ಆಗಲೇ ಹೊಸ್ತಿಲು ದಾಟಿ ಒಳಗೆ ಹೋಗಿದ್ದಳು. ಬೀಗಿತ್ತಿ ಇನ್ನೂ ಸೆರಗು ಹಿಡಿದುಕೊಂಡೇ ಪಿಳ್ಳಮ್ಮನ ಹತ್ತಿರ ಮಾತಾಡ್ತಿದ್ದರು.

"ಅತ್ತೆ" ಅಂದಳು ಮಹಾಲಕ್ಷ್ಮಿ. ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. "ಈ ಎಲೆ ಮಾಡಿದ್ದು ನಾನು. ಎಲ್ಲಾನೂ ನಾನೇ. ಅದೊಂದು ಮುದುರಿರೋದು ಮಾತ್ರ ಅಕ್ಕಂದು."

ಬೀಗಿತ್ತಿಯ ಬೆರಳುಗಳು ಸೆರಗು ಬಿಟ್ಟವು. ಬೇಕಂತ ಬಿಟ್ಟರೋ, ಗಾಬರಿಗೆ ಜಾರಿತೋ ಗೊತ್ತಿಲ್ಲ, ಬಿಟ್ಟರು. ಎಲೆಗಳು ಕೆಳಗೆ ಜೋತಾಡಿದವು. ಪಿಳ್ಳಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಾಗಿಲಲ್ಲಿ ಚನ್ನಕ್ಕ ತಲೆ ಮೇಲೆ ಕೈ ಹೊತ್ತುಕೊಂಡು ನಿಂತಿದ್ದಳು.

ಹೊರಗೆ ವಾಲಗ ಜೋರಾಯಿತು. "ಹೆಣ್ಣನ್ನ ಕರ್ಕೊಂಡ್ ಬನ್ರಮ್ಮ, ಮುಹೂರ್ತ ಮೀರುತ್ತೆ" ಅಂತ ವೆಂಕಟಪ್ಪನ ದನಿ ಬಂತು. ಯಾರೂ ಅಲುಗಲಿಲ್ಲ.

ವೇಣಿ ತಿರುಗಿ ತಾಯಿಯನ್ನ ನೋಡಿದಳು. ಆಮೇಲೆ ಬಗ್ಗಿ ಸೆರಗನ್ನ ನೋಡಿದಳು, ಒಂದು ಎಲೆಯನ್ನ ಹೆಬ್ಬೆರಳಿನಲ್ಲಿ ಸವರಿದಳು. ಕಣ್ಣು ತುಂಬಿತ್ತು, ಆದರೆ ಮಾತು ಮಾತ್ರ ಮನೆಯಲ್ಲಿ ಕಾಫಿ ಕೇಳುವಾಗ ಹೇಗೋ ಹಾಗೇ ಇತ್ತು.

"ಅಮ್ಮ, ಸೆರಗು ನೆಲಕ್ಕೆ ಎಳೀತಿದೆ. ಎಲೆ ಕೊಳೆ ಆಗುತ್ತೆ. ಹಿಂದೆ ಎತ್ತಿ ಹಿಡ್ಕೊಂಡು ಬಾ."

"ನಾನಾ?"

"ಮತ್ತಿನ್ಯಾರು?"

ಮಹಾಲಕ್ಷ್ಮಿ ಅತ್ತೆಯ ಕಡೆ ನೋಡಿದಳು. ಪಿಳ್ಳಮ್ಮ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದಳು. ಬೀಗಿತ್ತಿ ಅರ್ಧ ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಮಹಾಲಕ್ಷ್ಮಿ ಬಗ್ಗಿ ಸೆರಗಿನ ಅಂಚನ್ನ ಎರಡೂ ಕೈಯಲ್ಲಿ ಎತ್ತಿಕೊಂಡಳು. ಮಗಳ ಹಿಂದೆ ಹೊಸ್ತಿಲು ದಾಟಿದಳು, ಸಾಲಾಗಿ ಕೂತಿದ್ದ ನೆಂಟರ ನಡುವೆ ನಡೆದಳು. ಯಾರೋ ಏನೋ ಅಂದದ್ದು ಕೇಳಿಸಿತು, ಇನ್ಯಾರೋ ಶ್ ಅಂದದ್ದೂ ಕೇಳಿಸಿತು. ಮಂಟಪದ ಮೆಟ್ಟಿಲು ಬಂತು. ಸೆರಗು ಬಿಡದೆ, ಮಗಳ ಹಿಂದೆಯೇ ಅವಳೂ ಹತ್ತಿದಳು.